ಕತ್ತರಿ ಯಾರದು, ಹೊಲಿಗೆ ಯಾರದು?

ಮನುಷ್ಯನ ವಂಶವಾಹಿಯನ್ನೇ ತಿದ್ದುವ ಕಾಲ ಬಂತು ಅಂತ ಪೇಪರುಗಳು ಬರೆಯುತ್ತಿವೆ. ಬರೆದಾಗಲೆಲ್ಲ ಪಕ್ಕದಲ್ಲಿ ಒಂದು ಕತ್ತರಿಯ ಚಿತ್ರ ಹಾಕುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕತ್ತರಿ, ಬೇಕಾದ ಜಾಗಕ್ಕೇ ಹೋಗಿ ಕತ್ತರಿಸುತ್ತದೆ, ಕೆಟ್ಟ ಅಕ್ಷರ ಹೋಗಿ ಒಳ್ಳೆಯ ಅಕ್ಷರ ಬರುತ್ತದೆ, ರೋಗ ವಾಸಿ. ಕತ್ತರಿ ಕಂಡುಹಿಡಿದವರಿಗೆ ನೊಬೆಲ್ ಬಹುಮಾನ. ಕತ್ತರಿಯ ಪೇಟೆಂಟಿಗೆ ಅಮೆರಿಕದ ದೊಡ್ಡ ದೊಡ್ಡ ಸಂಸ್ಥೆಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ. ಸರಿ. ಆದರೆ ಕತ್ತರಿಯ ಕೆಲಸ ಕತ್ತರಿಸುವುದು ಮಾತ್ರ ಅಲ್ಲವೆ? ಕತ್ತರಿಸಿದ ಮೇಲೆ ಹೊಲಿದವರು ಯಾರು? ಈ ಪ್ರಶ್ನೆ ಕೇಳುವವರು ಕಡಿಮೆ. ನಾವು ಕೇಳಬೇಕು. ಕಟ್ಟಿಸಿದವನ ಹೆಸರು ಶಾಸನದಲ್ಲಿ, ಕಲ್ಲು ಹೊತ್ತವನ ಹೆಸರು ಎಲ್ಲೂ ಇಲ್ಲ ಎಂಬ ಪದ್ಧತಿ ನಮಗೆ ಹೊಸದೇನಲ್ಲ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಡಿ.ಎನ್.ಎ. ಅನ್ನೋದು ಎರಡು ಎಳೆ ಹುರಿಗೊಂಡ ಹಗ್ಗ. ಮನುಷ್ಯನಲ್ಲಿ ಇದರ ಒಂದು ಪೂರ್ತಿ ಪ್ರತಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಬಿಸಿಲು, ಹೊಗೆ, ವಿಕಿರಣ, ಉಸಿರಾಡಿದ್ದರಿಂದ ಜೀವಕೋಶದೊಳಗೇ ಹುಟ್ಟುವ ಕಸ, ಎಲ್ಲವೂ ದಿನವೂ ಈ ಹಗ್ಗವನ್ನು ಕಚ್ಚುತ್ತವೆ. ಒಂದು ಎಳೆ ತುಂಡಾದರೆ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಜೀವಕೋಶಕ್ಕೆ ಪ್ರಾಣಾಪಾಯ. ಆಗ ರಿಪೇರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮಳೆಗಾಲದ ಒಂದು ರಾತ್ರಿ ಕೆರೆ ಏರಿ ಒಡೆಯಿತು ಅಂತಿಟ್ಟುಕೊಳ್ಳಿ. ಊರೇ ಓಡುತ್ತದೆ. ಕಲ್ಲು, ಮುಳ್ಳುಕಂಟಿ, ಮಣ್ಣುಚೀಲ, ಕೈಗೆ ಸಿಕ್ಕಿದ್ದನ್ನು ತುಂಬಿ ನೀರು ನಿಲ್ಲಿಸುತ್ತಾರೆ. ಏರಿ ಮೊದಲಿನ ಹಾಗೆ ಇರೋದಿಲ್ಲ. ಆದರೆ ಊರು ಉಳಿಯುತ್ತದೆ. ಜೀವಕೋಶದ ಮೊದಲ ದಾರಿ ಇಂಥದ್ದು. ಕು ಎಂಬ ಪ್ರೋಟೀನು ತುಂಡಾದ ಎರಡು ತುದಿಗಳನ್ನು ಹಿಡಿದುಕೊಳ್ಳುತ್ತದೆ, ಬೇರೆ ಪ್ರೋಟೀನುಗಳು ಬಂದು ತುದಿ ಸವರಿ ಅಂಟಿಸುತ್ತವೆ. ಅವಸರದಲ್ಲಿ ಒಂದೆರಡು ಅಕ್ಷರ ಬಿದ್ದುಹೋಗಬಹುದು, ಒಂದೆರಡು ಹೆಚ್ಚಾಗಬಹುದು. ಇನ್ನೊಂದು ದಾರಿ ಬೇಸಿಗೆಯಲ್ಲಿ ನೀರಗಂಟಿಯನ್ನು ಕರೆದು, ಉಳಿದ ಏರಿಯ ಅಳತೆ ನೋಡಿ, ಅದರಂತೆಯೇ ಕಟ್ಟುವ ಕೆಲಸ. ಇಲ್ಲಿ ಜೀವಕೋಶ ತುಂಡಾದ ತುದಿಗಳನ್ನು ಬಿಡಿಸಿ, ತನ್ನಲ್ಲಿರುವ ಇನ್ನೊಂದು ಸರಿಯಾದ ಪ್ರತಿಯನ್ನು ಹುಡುಕಿ, ಅದನ್ನು ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಬರೆಯುತ್ತದೆ. ಆದರೆ ಆ ಪ್ರತಿ ಬೇಕಲ್ಲ? ಜೀವಕೋಶ ಎರಡಾಗಿ ಒಡೆಯುವ ಮುಂಚೆ ತನ್ನ ಡಿ.ಎನ್.ಎ.ಗೆ ನಕಲು ಮಾಡಿಕೊಂಡಾಗ ಮಾತ್ರ ಅದು ಪಕ್ಕದಲ್ಲೇ ಸಿಗುತ್ತದೆ. ಸುಮ್ಮನೆ ಮಲಗಿರುವ ಜೀವಕೋಶದಲ್ಲಿ ಈ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಮನುಷ್ಯನ ಜೀವಕೋಶಗಳ ಮೇಲೆ ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅವಸರದ ದಾರಿಗೆ ಬೇಕಾದದ್ದು ಸುಮಾರು ಅರ್ಧ ಗಂಟೆ, ನೋಡಿ ಬರೆಯುವ ದಾರಿಗೆ ೭ ಗಂಟೆ ಅಥವಾ ಅದಕ್ಕೂ ಹೆಚ್ಚು. ಹಾಗಾಗಿ ನಮ್ಮ ಜೀವಕೋಶಗಳು ಬಹಳ ಸಲ ಮೊದಲ ದಾರಿಯನ್ನೇ ಹಿಡಿಯುತ್ತವೆ.

ಈಗ ವಿಜ್ಞಾನಿಯ ಕಡೆಯಿಂದ ನೋಡಿ. ಅವನಿಗೆ ಬೇಕಾದದ್ದು ಎರಡನೆಯ ದಾರಿ. ತಾನು ಬರೆದ ಹೊಸ ತುಣುಕನ್ನು ಒಳಗೆ ಕಳಿಸಿ, "ಇದೇ ಸರಿಯಾದ ಪ್ರತಿ, ಇದನ್ನು ನೋಡಿ ಬರೆ" ಎಂದು ಜೀವಕೋಶವನ್ನು ನಂಬಿಸಬೇಕು. ೧೯೮೫ರಲ್ಲಿ ಆಲಿವರ್ ಸ್ಮಿಥೀಸ್ ಮತ್ತು ಸಂಗಡಿಗರು ಮನುಷ್ಯನ ಜೀವಕೋಶದಲ್ಲಿ ಇದು ಸಾಧ್ಯ ಎಂದು ತೋರಿಸಿದರು. ಅವರು ಆರಿಸಿಕೊಂಡದ್ದು ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಗ್ಲೋಬಿನ್ ಜೀನನ್ನು. ಹೊಸ ಡಿ.ಎನ್.ಎ. ಒಳಗೆ ಬಿಟ್ಟುಕೊಂಡ ಜೀವಕೋಶಗಳಲ್ಲೂ ಅದು ಸರಿಯಾದ ಜಾಗದಲ್ಲಿ ಕೂತದ್ದು ಸುಮಾರು ಸಾವಿರಕ್ಕೆ ಒಂದರಲ್ಲಿ. ಮಿಕ್ಕವುಗಳಲ್ಲಿ ಅದು ಎಲ್ಲೋ ಒಂದು ಕಡೆ ಅಂಟಿಕೊಂಡಿತ್ತು. ಇದೇ ದಾರಿಯಲ್ಲಿ ದುಡಿದ ಮಾರಿಯೋ ಕಪೆಚಿ ಯುದ್ಧಕಾಲದ ಇಟಲಿಯ ಬೀದಿಗಳಲ್ಲಿ ಅನಾಥ ಮಗುವಿನ ಹಾಗೆ ಅಲೆದು ಬದುಕಿದವನು. ಅಮೆರಿಕದ ಸರ್ಕಾರಿ ಸಂಸ್ಥೆ ಈ ಕೆಲಸ ಆಗುವಂಥದ್ದಲ್ಲ ಎಂದು ಮೊದಲು ಹಣ ಕೊಡಲು ಒಪ್ಪಲಿಲ್ಲ. ೨೦೦೭ರಲ್ಲಿ ಸ್ಮಿಥೀಸ್, ಕಪೆಚಿ, ಮಾರ್ಟಿನ್ ಇವಾನ್ಸ್ ಮೂವರಿಗೂ ನೊಬೆಲ್ ಬಂತು.

ಸಾವಿರಕ್ಕೆ ಒಂದನ್ನು ಹೆಚ್ಚಿಸಿದ್ದು ಏನು? ಗಾಯ. ಬೇಕಾದ ಜಾಗದಲ್ಲಿ ಎರಡೂ ಎಳೆ ಕತ್ತರಿಸಿದರೆ ಜೀವಕೋಶ ಅಲ್ಲಿಗೇ ಓಡಿ ಬರುತ್ತದೆ, ನೋಡಿ ಬರೆಯುವ ರಿಪೇರಿ ನೂರು ಪಟ್ಟಿಗೂ ಮೀರಿ ಹೆಚ್ಚುತ್ತದೆ ಎಂದು ಮರಿಯಾ ಜೇಸಿನ್ ಮತ್ತು ಸಂಗಡಿಗರು ೧೯೯೪ರಲ್ಲಿ ಇಲಿಯ ಜೀವಕೋಶಗಳಲ್ಲಿ ತೋರಿಸಿದರು. ಆಮೇಲೆ ಬಂದದ್ದೆಲ್ಲ ಒಳ್ಳೊಳ್ಳೆಯ ಕತ್ತರಿಗಳ ಕತೆ. ೨೦೧೨ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದ ಕ್ರಿಸ್ಪರ್ ಕತ್ತರಿ ಇವೆಲ್ಲದರಲ್ಲಿ ಅಗ್ಗದ್ದು, ಸುಲಭದ್ದು. ಅವರಿಗೆ ೨೦೨೦ರಲ್ಲಿ ನೊಬೆಲ್ ಸಿಕ್ಕಿತು. ಕತ್ತರಿ ಬಂತು, ಆದರೆ ಹೊಲಿಗೆಯವನು ಬದಲಾಗಲಿಲ್ಲ. ಅವನು ಇವತ್ತಿಗೂ ಅದೇ ಜೀವಕೋಶ. ಯಾವ ದಾರಿ ಹಿಡಿಯಬೇಕು ಅನ್ನೋದನ್ನು ಅವನೇ, ಅವನ ಆ ಹೊತ್ತಿನ ಸ್ಥಿತಿಯೇ ತೀರ್ಮಾನಿಸುತ್ತದೆ. ಎರಡೂ ಎಳೆ ಕತ್ತರಿಸದೆಯೇ ಅಕ್ಷರ ಬದಲಿಸುವ ಉಪಾಯಗಳೂ ೨೦೧೬ರಿಂದ ಈಚೆಗೆ ಬಂದಿವೆ. ಅಲ್ಲಿಯೂ ಜೀವಕೋಶದ ಇನ್ನೊಂದು ರಿಪೇರಿ ಪಡೆ ಹೊಸ ಅಕ್ಷರವನ್ನು ತಪ್ಪೆಂದು ಬಗೆದು ಅಳಿಸಿಹಾಕುವುದುಂಟು. ಹೇಗೇ ಹೋದರೂ ಕೊನೆಯ ರುಜು ಅವನದೇ.

ಇಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ. ಗಾಯ ಮಾಡುವವನು ಒಬ್ಬ, ಮಾಯಿಸುವವನು ಇನ್ನೊಬ್ಬ. ಮಾಯುವಾಗ ಏನಾದರೂ ಎಡವಟ್ಟಾದರೆ ಹೊಣೆ ಯಾರದು?

೨೦೧೮ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕ್ವಿ ಎಂಬ ವಿಜ್ಞಾನಿ, ಭ್ರೂಣದಲ್ಲೇ ಜೀನ್ ಬದಲಿಸಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಜಗತ್ತಿಗೆ ಸಾರಿದ. ಎಚ್.ಐ.ವಿ. ತಗುಲದ ಮಕ್ಕಳು ಎಂಬುದು ಅವನ ಜಂಬ. ಕೆಲವು ಜನರಲ್ಲಿ ಒಂದು ಜೀನಿನ ೩೨ ಅಕ್ಷರಗಳು ಹುಟ್ಟಿನಿಂದಲೇ ಇರುವುದಿಲ್ಲ, ಅಂಥವರಿಗೆ ಆ ವೈರಾಣುವಿನ ಕಾಟ ಕಡಿಮೆ. ಅವನು ಆ ಜೀನನ್ನು ಕತ್ತರಿಸಿದ. ಕತ್ತರಿ ಸರಿಯಾದ ಜಾಗಕ್ಕೇ ಹೋಯಿತು. ಆದರೆ ಹೊಲಿಗೆ ಅವಸರದ ದಾರಿಯಲ್ಲಿ ನಡೆಯಿತು. ಆ ಮಕ್ಕಳಲ್ಲಿ ಆದದ್ದು ಆ ೩೨ ಅಕ್ಷರದ ಬದಲಾವಣೆ ಅಲ್ಲವೇ ಅಲ್ಲ. ಅಲ್ಲಿಯ ತನಕ ಯಾವ ಮನುಷ್ಯರಲ್ಲೂ ಪರೀಕ್ಷೆಯಾಗದ ಬೇರೆ ಬದಲಾವಣೆಗಳು, ಅವೂ ಇಬ್ಬರಲ್ಲಿ ಬೇರೆ ಬೇರೆ. ೨೦೧೯ರ ಡಿಸೆಂಬರಿನಲ್ಲಿ ಅಲ್ಲಿನ ಕೋರ್ಟು ಅವನಿಗೆ ೩ ವರ್ಷ ಜೈಲು ವಿಧಿಸಿತು. ಅವನ ಶಿಕ್ಷೆಗೆ ಅವಧಿ ಇತ್ತು, ಆ ಮಕ್ಕಳ ಮೈಯಲ್ಲಿ ಬರೆದದ್ದಕ್ಕೆ ಅವಧಿ ಇಲ್ಲ.

"ನಾನು ಕತ್ತರಿಸಿದ್ದು ಸರಿಯಾದ ಜಾಗದಲ್ಲೇ, ಮುಂದಿನದು ಜೀವಕೋಶದ ಕೆಲಸ" ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಾವು ಇಂಥ ನ್ಯಾಯ ಬಹಳ ಕೇಳಿದ್ದೇವೆ. ಆರ್ಡರ್ ಬರೆದವನು ನಾನಲ್ಲ, ಜಾರಿ ಮಾಡಿದವನು ನಾನಲ್ಲ, ನಾನು ರುಜು ಮಾತ್ರ ಹಾಕಿದೆ. ಕತ್ತರಿ ಎಷ್ಟು ಕರಾರುವಾಕ್ಕು ಅಂತ ಹೊಗಳಿಕೊಳ್ಳುವುದು ಪರಿಣಾಮದಿಂದ ಕೈ ತೊಳೆದುಕೊಳ್ಳುವ ಉಪಾಯವೂ ಆಗಬಹುದು. ಇನ್ನೊಬ್ಬನ ಶಕ್ತಿಯಿಂದಲೇ ಮಾಯಬೇಕಾದ ಗಾಯವನ್ನು ಬೇಕೆಂದೇ ಮಾಡುವವನು, ಆ ಶಕ್ತಿ ಎಷ್ಟಿದೆ, ಅದು ಯಾವಾಗ ಎಚ್ಚರವಾಗಿರುತ್ತದೆ, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ತಿಳಿಯದೆ ಕತ್ತರಿಸಿದರೆ ಅದು ಧೈರ್ಯ ಅಲ್ಲ, ದರ್ಪ.

ಇಷ್ಟು ಹೇಳಿದ ಕೂಡಲೇ ಒಂದು ಪಂಗಡ ನಮ್ಮ ಹೆಗಲ ಮೇಲೆ ಕೈ ಹಾಕಲು ಬರುತ್ತದೆ. "ನೋಡಿದಿರಾ, ದೇವರು ಬರೆದದ್ದನ್ನು ಮುಟ್ಟಬಾರದು." ಇಲ್ಲ ಸ್ವಾಮಿ, ನಿಮ್ಮ ಜೊತೆ ನಾವಿಲ್ಲ. ಹಣೆಬರಹ ತಿದ್ದಬಾರದು ಎಂಬ ಉಪದೇಶವನ್ನು ನಾವು ತಲೆತಲಾಂತರದಿಂದ ಕೇಳಿ ಬೇಸತ್ತಿದ್ದೇವೆ. ನೋವು ತಪ್ಪಿಸುವ ದಾರಿ ಇದ್ದರೆ ತಪ್ಪಿಸಬೇಕು. ನಮ್ಮ ತಕರಾರು ಕತ್ತರಿಯ ಮೇಲಲ್ಲ, ಲೆಕ್ಕ ಒಪ್ಪಿಸದ ಕತ್ತರಿಯ ಮೇಲೆ.

ಲೆಕ್ಕ ಅಂದೆ. ಅದರ ಒಂದು ಉದಾಹರಣೆ ನೋಡಿ. ನೋಡಿ ಬರೆಯುವ ದಾರಿ ನಿಧಾನ ಅಂತ ವಿಜ್ಞಾನಿಗಳಿಗೆ ಅಸಹನೆ. ಹಾಗಾದರೆ ಅವಸರದ ದಾರಿಯನ್ನು ಔಷಧಿ ಹಾಕಿ ಮುಚ್ಚಿಬಿಟ್ಟರೆ? ಎ.ಝಡ್.ಡಿ. ೭೬೪೮ ಎಂಬ ಔಷಧಿಯಿಂದ ಹಾಗೆ ಮಾಡಿ ನೋಡಿದರು. ಪರೀಕ್ಷೆಯಲ್ಲಿ ಫಲಿತಾಂಶ ಅದ್ಭುತ, ಸರಿಯಾದ ಬರವಣಿಗೆಯ ಪ್ರಮಾಣ ಏರಿಬಿಟ್ಟಿತು. ೨೦೨೪ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಸಂಶೋಧಕರು ಇನ್ನಷ್ಟು ಕೆದಕಿದಾಗ ಕಂಡದ್ದು ಬೇರೆ. ಸಾವಿರಾರು ಅಕ್ಷರಗಳು, ಕೆಲವು ಕಡೆ ವರ್ಣತಂತುವಿನ ದೊಡ್ಡ ದೊಡ್ಡ ತುಂಡುಗಳೇ ಕಳೆದುಹೋಗಿದ್ದವು. ಮತ್ತೆ ಪರೀಕ್ಷೆಯಲ್ಲಿ ಯಾಕೆ ಕಾಣಲಿಲ್ಲ? ಕತ್ತರಿಸಿದ ಜಾಗದ ಎರಡೂ ಬದಿ ಒಂದೊಂದು ಗುರುತು ಹಿಡಿದು ನಡುವಿನದನ್ನು ಓದುವ ಪರೀಕ್ಷೆ ಅದು. ಗುರುತಿನ ಜಾಗವೇ ಕಿತ್ತುಹೋಗಿದ್ದರೆ ಆ ಪ್ರತಿ ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚು ಹಾನಿಯಾದವು ಎಣಿಕೆಯಿಂದಲೇ ಬಿಟ್ಟುಹೋದವು, ಉಳಿದವುಗಳ ನಡುವೆ ನೂರಕ್ಕೆ ಇಷ್ಟು ಸರಿ ಎಂದು ಬರೆದುಕೊಂಡರು. ಗುಡಿಸಲು ಕಿತ್ತುಹಾಕಿ, ಮಿಕ್ಕ ಮನೆಗಳನ್ನು ಮಾತ್ರ ಎಣಿಸಿ, ಊರಲ್ಲಿ ಎಲ್ಲರಿಗೂ ಹೆಂಚಿನ ಮನೆ ಇದೆ ಎಂದು ವರದಿ ಕಳಿಸಿದ ಹಾಗೆ. ಯಾರೂ ಸುಳ್ಳು ಹೇಳಲಿಲ್ಲ. ಎಣಿಸುವ ರೀತಿಯೇ ಕಳೆದುಹೋದವರನ್ನು ಕಾಣದ ಹಾಗಿತ್ತು. ಇದನ್ನು ಬಯಲು ಮಾಡಿದವರೂ ವಿಜ್ಞಾನಿಗಳೇ ಎಂಬುದನ್ನು ಮರೆಯಬಾರದು. ತನ್ನ ಲೆಕ್ಕವನ್ನು ತಾನೇ ಅನುಮಾನಿಸುವ ಈ ಗುಣಕ್ಕೆ ನಮ್ಮ ಗೌರವ ಸಲ್ಲಬೇಕು. ಪುರೋಹಿತನ ಪಂಚಾಂಗದಲ್ಲಿ ಈ ಗುಣ ಇಲ್ಲ.

ಇನ್ನೊಂದು ಎಚ್ಚರಿಕೆ ೨೦೧೮ರಲ್ಲೇ ಬಂದಿತ್ತು. ಕತ್ತರಿಯ ಏಟು ಬಿದ್ದಾಗ ಅನೇಕ ಜೀವಕೋಶಗಳಲ್ಲಿ ಪಿ-೫೩ ಎಂಬ ಕಾವಲು ಪ್ರೋಟೀನು ಎಚ್ಚರಗೊಂಡು ಬೆಳವಣಿಗೆಯನ್ನು ತಡೆಯುತ್ತದೆ, ಇಲ್ಲವೆ ಆ ಜೀವಕೋಶವನ್ನೇ ಸಾಯಿಸುತ್ತದೆ. ಹಾಗಾದರೆ ತಂಟೆತಕರಾರಿಲ್ಲದೆ ಹೇಳಿದ ಹಾಗೆ ಕೇಳುವ ಜೀವಕೋಶಗಳು ಯಾವುವು? ಅವುಗಳಲ್ಲಿ ಕಾವಲೇ ಕೆಟ್ಟಿರುವಂಥವು ಹೆಚ್ಚಾಗಿ ಸೇರಿಕೊಳ್ಳಬಹುದು. ಕಾವಲು ಕೆಟ್ಟ ಜೀವಕೋಶ ಕ್ಯಾನ್ಸರಿಗೆ ಹತ್ತಿರ. ಹೇಳಿದ ತಕ್ಷಣ ಒಪ್ಪಿಕೊಂಡವನನ್ನೇ ಒಳ್ಳೆಯವನು ಎಂದು ಆರಿಸಿಕೊಳ್ಳುವುದರಲ್ಲಿ ಇರುವ ಅಪಾಯ ಇದು.

ಇಲ್ಲಿ ನನ್ನ ಮಾತಿಗೆ ನಾನೇ ಒಂದು ಬೇಲಿ ಹಾಕಿಕೊಳ್ಳುತ್ತೇನೆ. ಕೆರೆ, ಗುಡಿಸಲು, ಕಾವಲು ಅಂತ ಹೋಲಿಸಿದ್ದು ತಿಳಿಯಲಿ ಎಂದು ಮಾತ್ರ. ಜೀವಕೋಶ ಹೀಗೆ ಮಾಡುತ್ತದೆ, ಆದ್ದರಿಂದ ಸಮಾಜವೂ ಹೀಗಿರಬೇಕು ಎಂಬ ವಾದ ನಮ್ಮದಲ್ಲ. ಮೈಯನ್ನು ತೋರಿಸಿ ಸಮಾಜಕ್ಕೆ ಕಟ್ಟಳೆ ಮಾಡಿದ್ದು ಪುರುಷಸೂಕ್ತ. ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ, ಅದರಲ್ಲೂ ನಮಗೆ ಜಾಗ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದೇ ವ್ಯಾಪಾರ ಸುಸಂತಾನದ ಶಾಸ್ತ್ರ ಎಂಬ ಹೊಸ ಬೋರ್ಡು ಹಾಕಿಕೊಂಡು ಬಂತು. ಜಾತಿಪದ್ಧತಿ ರಕ್ತಶುದ್ಧಿಗಾಗಿ ಇದೆ ಎಂದು ಆ ಶಾಸ್ತ್ರದ ನೆರವಿನಿಂದ ವಾದಿಸಿದವರಿಗೆ ಅಂಬೇಡ್ಕರ್ ೧೯೩೬ರ 'ಜಾತಿ ವಿನಾಶ'ದಲ್ಲೇ ಉತ್ತರ ಕೊಟ್ಟಿದ್ದಾರೆ. ಹಾಗಾಗಿ ಜೀವಕೋಶದಿಂದ ನೀತಿಯನ್ನು ಇಳಿಸಿಕೊಳ್ಳಬೇಕಾಗಿಲ್ಲ. ಕತ್ತರಿ ಹಿಡಿದಿರುವುದು ಮನುಷ್ಯ, ಕತ್ತರಿಗೆ ಒಡ್ಡಿಕೊಳ್ಳುವವನೂ ಮನುಷ್ಯ. ನೀತಿ ಇರುವುದು ಅವರಿಬ್ಬರ ನಡುವೆ.

ಆ ಎರಡನೆಯ ಮನುಷ್ಯ ಯಾರು? ಸ್ಮಿಥೀಸ್ ಮುಟ್ಟಿದ ಬೀಟಾ ಗ್ಲೋಬಿನ್ ಜೀನಿಗೇ ವಾಪಸು ಬನ್ನಿ. ಅದರಲ್ಲಿ ಒಂದೇ ಒಂದು ಅಕ್ಷರ, 'ಎ' ಇರುವ ಕಡೆ 'ಟಿ' ಆದರೆ, ಮತ್ತು ಅಂಥ ಪ್ರತಿ ತಾಯಿ ತಂದೆ ಇಬ್ಬರಿಂದಲೂ ಬಂದರೆ, ರಕ್ತದ ಕೆಂಪುಕಣ ಕುಡುಗೋಲಿನ ಹಾಗೆ ಬಾಗುತ್ತದೆ. ರಕ್ತನಾಳ ಕಟ್ಟಿಕೊಳ್ಳುತ್ತದೆ, ಮೂಳೆ ಮೂಳೆಯೂ ನೋಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಆಯುಸ್ಸು ಕುಗ್ಗುತ್ತದೆ. ಇದೇ ಸಿಕಲ್ ಸೆಲ್ ರೋಗ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ರೋಗವಿಲ್ಲ, ಬದಲಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ಆಂಥನಿ ಆಲಿಸನ್ ೧೯೫೪ರಲ್ಲಿ ಆಫ್ರಿಕಾದಲ್ಲಿ ತೋರಿಸಿದರು. ಆ ಅಕ್ಷರ ಕಾಡುಸೀಮೆಯ ಜನರನ್ನು ಕಾಯ್ದಿದೆ, ಅವರ ಮಕ್ಕಳನ್ನು ಕೊಂದೂ ಇದೆ. ಭಾರತದಲ್ಲಿ ಇದು ಮೊದಲು ಕಂಡದ್ದು ೧೯೫೨ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ, ಮಧ್ಯ ಭಾರತದ ಆದಿವಾಸಿಗಳಲ್ಲಿದೆ, ವಿದರ್ಭದ ಮಹಾರರಲ್ಲಿದೆ. ಜಾತಿಯ ಒಳಗೇ ಮದುವೆ ಎಂಬುದೇ ಜಾತಿಯ ಜೀವಾಳ ಎಂದು ಅಂಬೇಡ್ಕರ್ ೧೯೧೬ರಲ್ಲೇ ಬರೆದರು. ಆ ಬೇಲಿಯೊಳಗೆ ಇಂಥ ಅಕ್ಷರಗಳೂ ಸುತ್ತಿ ಸುತ್ತಿ ಅಲ್ಲೇ ಉಳಿಯುತ್ತವೆ.

ಈ ರೋಗಕ್ಕೆ ಎರಡು ರಿಪೇರಿ ದಾರಿಗಳನ್ನೂ ಪ್ರಯತ್ನಿಸಿದರು. ಅಮೆರಿಕದ ಗ್ರಾಫೈಟ್ ಬಯೋ ಕಂಪನಿ 'ಟಿ'ಯನ್ನು ತೆಗೆದು 'ಎ' ಬರೆಸಲು ಹೋಯಿತು. ಅದು ನೋಡಿ ಬರೆಯುವ ದಾರಿ. ಮೊದಲನೆಯ ರೋಗಿಗೇ ರಕ್ತಕಣಗಳು ಬೇಕಾದಷ್ಟು ಚೇತರಿಸಿಕೊಳ್ಳದೆ, ೨೦೨೩ರ ಜನವರಿಯಲ್ಲಿ ಪ್ರಯೋಗ ನಿಲ್ಲಿಸಿತು. ಗೆದ್ದದ್ದು ಇನ್ನೊಂದು. ೨೦೨೩ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಎಂಬ ಚಿಕಿತ್ಸೆ ಆ 'ಟಿ'ಯನ್ನು ಮುಟ್ಟುವುದೇ ಇಲ್ಲ. ಅದು ಬೇರೆ ಕಡೆ ಇರುವ ಒಂದು ಸ್ವಿಚ್ಚನ್ನು ಕತ್ತರಿಸುತ್ತದೆ. ಜೀವಕೋಶ ಅವಸರದ ದಾರಿಯಲ್ಲಿ ಹೊಲಿದು ಆ ಸ್ವಿಚ್ಚನ್ನು ಕೆಡಿಸಿಬಿಡುತ್ತದೆ. ಆಗ ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ನು ಮತ್ತೆ ಹುಟ್ಟತೊಡಗುತ್ತದೆ. ಪರೀಕ್ಷೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ೩೧ ರೋಗಿಗಳಲ್ಲಿ ೨೯ ಜನ ಸತತ ೧೨ ತಿಂಗಳು ಆ ಘೋರ ನೋವಿನ ಹೊಡೆತವಿಲ್ಲದೆ ಬದುಕಿದರು. ಇದನ್ನು ಸಣ್ಣದು ಎನ್ನಬಾರದು. ಆದರೆ ಗಮನಿಸಿ, ಇಲ್ಲಿ ಯಾರೂ ಅಕ್ಷರ ತಿದ್ದಲಿಲ್ಲ. ಒರಟು ಎಂದು ಹೀಗಳೆದ ಹೊಲಿಗೆಯೇ ಕೈಹಿಡಿಯಿತು. ಜೀವಕೋಶಕ್ಕೆ ಏನು ಬರುತ್ತದೋ ಅದನ್ನು ಕೇಳಿದ್ದರಿಂದ ಕೆಲಸ ಆಯಿತು. "ನಿನ್ನಲ್ಲಿ ತಪ್ಪಿದೆ, ತಿದ್ದುತ್ತೇನೆ" ಎಂಬುದಕ್ಕೂ "ನಿನಗೆ ನೋವಿದೆ, ಬದುಕುವ ದಾರಿ ಹುಡುಕೋಣ" ಎಂಬುದಕ್ಕೂ ಇರುವ ವ್ಯತ್ಯಾಸ ಇದು. ರೋಗಿ ತಪ್ಪಾಗಿ ಬರೆದ ಅಕ್ಷರ ಅಲ್ಲ.

ಬೆಲೆ? ಅಮೆರಿಕದಲ್ಲಿ ಒಬ್ಬರಿಗೆ ೨೨ ಲಕ್ಷ ಡಾಲರ್. ಅದೂ ಅಲ್ಲದೆ, ತಿದ್ದಿದ ಜೀವಕೋಶ ಮೈಗೆ ಸೇರಿಸುವ ಮುಂಚೆ ಇರುವ ಮೂಳೆಮಜ್ಜೆಯನ್ನು ಕಟುವಾದ ಔಷಧಿಯಿಂದ ಬರಿದು ಮಾಡಬೇಕು. ಮಕ್ಕಳಾಗದ ಅಪಾಯ ಅದರಲ್ಲಿದೆ. ಇಲ್ಲಿ ನಮ್ಮ ಸರ್ಕಾರ ೨೦೨೩ರ ಜುಲೈಯಲ್ಲಿ ಸಿಕಲ್ ಸೆಲ್ ನಿರ್ಮೂಲನ ಯೋಜನೆ ಶುರು ಮಾಡಿತು. ೭ ಕೋಟಿ ಜನರ ರಕ್ತ ಪರೀಕ್ಷೆ, ಕೈಗೆ ಒಂದು ಕಾರ್ಡು, ೨೦೪೭ಕ್ಕೆ ರೋಗ ಇಲ್ಲವಾಗಬೇಕು ಎಂಬ ಗುರಿ. ಪರೀಕ್ಷೆ ಬೇಕು, ಔಷಧಿ ಬೇಕು. ಆದರೆ ಮದುವೆಗೆ ಮುಂಚೆ ಕಾರ್ಡು ಹೊಂದಿಸಿ ನೋಡಿ ಎಂಬ ಸಲಹೆ, ಹಾಡಿಯ ಹೆಣ್ಣುಮಗಳ ಹಣೆಗೆ ಹಚ್ಚುವ ಇನ್ನೊಂದು ಜಾತಕ ಆಗದಂತೆ ನೋಡಿಕೊಳ್ಳುವವರು ಯಾರು? ನಿರ್ಮೂಲನ ಆಗಬೇಕಾದದ್ದು ನೋವು, ಜನರಲ್ಲ. ೨೦೨೫ರ ನವೆಂಬರಿನಲ್ಲಿ ನಮ್ಮದೇ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪಿಸಿದ ಕ್ರಿಸ್ಪರ್ ಚಿಕಿತ್ಸೆಯೊಂದನ್ನು 'ಬಿರ್ಸಾ ೧೦೧' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಡಿಮೆ ಬೆಲೆಗೆ ಕೊಡುವ ಮಾತಿದೆ. ಒಳ್ಳೆಯದು, ಆಗಲಿ. ಆದರೆ ಬಿರ್ಸಾ ಮುಂಡಾ ತನ್ನ ಜನರ ನೆಲಕ್ಕಾಗಿ ಹೋರಾಡಿ ೧೯೦೦ರಲ್ಲಿ ರಾಂಚಿಯ ಜೈಲಿನಲ್ಲಿ ಸತ್ತವನು. ಅವನ ಹೆಸರು ಹೊತ್ತ ಕತ್ತರಿ ಅವನ ಜನರಿಗೆ ಲೆಕ್ಕ ಒಪ್ಪಿಸಬೇಕು.

ಏನು ಲೆಕ್ಕ? ಹಾಡಿಯಲ್ಲಿ ಚಾಪೆ ಮೇಲೆ ಕೂತು, ಅವರ ಮಾತಿನಲ್ಲೇ ಹೇಳಬೇಕು. ನಾವು ಮಾಡುವುದು ಗಾಯ, ಮಾಯಿಸುವುದು ನಿಮ್ಮ ಮೈ. ಅದು ಎರಡು ದಾರಿಯಲ್ಲಿ ಮಾಯಿಸಬಹುದು, ಯಾವುದರಲ್ಲಿ ಎಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಕಳೆದುಹೋದದ್ದನ್ನೂ ಎಣಿಸುವ ಪರೀಕ್ಷೆ ಮಾಡಿದ್ದೇವೆ, ಎಣಿಸಿದ್ದು ಇಷ್ಟು. ಹತ್ತು ಹದಿನೈದು ವರ್ಷ ಆದ ಮೇಲೂ ಬಂದು ನಿಮ್ಮನ್ನು ನೋಡುತ್ತೇವೆ, ಖರ್ಚು ನಮ್ಮದು. ಬೇಡ ಅನ್ನುವ ಹಕ್ಕು ನಿಮ್ಮದು, ಬೇಡ ಅಂದರೆ ಬೇರೆ ಔಷಧಿ ನಿಲ್ಲಿಸುವುದಿಲ್ಲ. ಇಷ್ಟನ್ನೂ ಹೇಳಿ, ಕೇಳಿದವರು ತಿರುಗಿ ಪ್ರಶ್ನೆ ಹಾಕುವ ತನಕ ಕಾಯಬೇಕು. ನೋಡಿ ಬರೆಯುವ ಜೀವಕೋಶಕ್ಕೆ ೭ ಗಂಟೆ ಬೇಕಾದರೆ, ಒಂದು ಊರಿಗೆ ಯೋಚಿಸಿ ಹೂಂ ಅನ್ನಲು ಏಳು ತಿಂಗಳು ಬೇಕಾಗಬಹುದು. ಕೊಡಿ. ಅವಸರ ಇರುವುದು ಷೇರು ಪೇಟೆಗೆ. ನೋವು ತಿಂದವರು ಕಾಯುವುದನ್ನು ಎಂದೋ ಕಲಿತಿದ್ದಾರೆ, ಈ ಸಲ ಕತ್ತರಿ ಹಿಡಿದವರು ಸ್ವಲ್ಪ ಕಲಿಯಲಿ.